ಮೋಡದ ಕೆಳಗಿನ ಕಡಲು ಎಷ್ಟು ಬಿಸಿ? ನಕ್ಷೆಯಲ್ಲಿ ಕಾಣುವ ಬಣ್ಣ ಅಳತೆಯೋ, ಅಂದಾಜೋ?

ಮಲ್ಪೆ ಹುಡುಗ · ಭಾನುವಾರ ರಾತ್ರಿ 9:10

ಎಲ್ಲರಿಗೂ ನಮಸ್ಕಾರ. ನಾನು ಮಲ್ಪೆಯವನು. ಏಳು ವರ್ಷದಿಂದ ಬೆಂಗಳೂರಿನ ಬಿಟಿಎಂ ಲೇಔಟ್‌ನಲ್ಲಿ ಇದ್ದೇನೆ, ಅಕೌಂಟ್ಸ್ ಕೆಲಸ. ಊರಿನಲ್ಲಿ ಅಣ್ಣ ಮೀನುಗಾರಿಕೆ ಮಾಡುತ್ತಾನೆ. ಜೂನ್ 1ರಿಂದ ಜುಲೈ 31ರ ತನಕ ಟ್ರಾಲ್ ಬೋಟುಗಳಿಗೆ ರಜೆ ಅಲ್ವಾ, ಈ ಎರಡು ತಿಂಗಳು ಅವನು ನಾಡದೋಣಿಯಲ್ಲಿ ಹೋಗುತ್ತಾನೆ. ದಡ ಬಿಟ್ಟು ತುಂಬಾ ದೂರವೇನೂ ಹೋಗುವುದಿಲ್ಲ.

ಮೊನ್ನೆ ಫೋನಿನಲ್ಲಿ ಕೇಳಿದ: "ತೂಫಾನ್ ಆಗಿ ನೀರು ತಂಪಾದರೆ ಬೂತಾಯಿ ಮೀನು ದಡದ ಕಡೆ ಬರುತ್ತದೆ. ನೀನು ದಿನವಿಡೀ ಕಂಪ್ಯೂಟರ್ ಮುಂದೆ ಕೂರ್ತೀಯಲ್ಲ, ನೀರು ಎಷ್ಟು ತಂಪಾಗಿದೆ ಅಂತ ನೋಡಿ ಹೇಳು."

ಹುಡುಕಿದೆ. ಉಪಗ್ರಹದಿಂದ ಕಡಲಿನ ಉಷ್ಣತೆ ತೋರಿಸುವ, ಒಂದೇ ದಿನದ ಎರಡು ನಕ್ಷೆ ಸಿಕ್ಕಿದವು. ಒಂದರಲ್ಲಿ ಕಾರವಾರದಿಂದ ಕೊಚ್ಚಿ ತನಕ ಎಲ್ಲಾ ಬಿಳಿ, ಮಾಹಿತಿಯೇ ಇಲ್ಲ. ಇನ್ನೊಂದರಲ್ಲಿ ಮಲ್ಪೆ ಬಂದರಿನ ಅಂಚಿನ ತನಕ ಚೆಂದವಾಗಿ ಬಣ್ಣ ತುಂಬಿದೆ, ಒಂದು ಚುಕ್ಕೆಯೂ ಖಾಲಿ ಇಲ್ಲ. ಆ ದಿನ ಉಡುಪಿಯಲ್ಲಿ ಸೂರ್ಯನ ಮುಖವೇ ಕಂಡಿಲ್ಲ ಅಂತ ಅಮ್ಮ ಹೇಳಿದ್ದಳು. ಹಾಗಾದರೆ ಎರಡನೇ ನಕ್ಷೆಗೆ ಮೋಡದ ಕೆಳಗಿನ ನೀರು ಹೇಗೆ ಗೊತ್ತಾಯಿತು? ಅದು ನಿಜವಾಗಿ ಅಳೆದದ್ದೋ, ಸುಮ್ನೆ ತುಂಬಿಸಿದ್ದೋ? ಅಣ್ಣನಿಗೆ ಏನು ಹೇಳಲಿ?

ಶ್ರೀರಾಮಪುರ ಕೇಬಲ್ · ಭಾನುವಾರ ರಾತ್ರಿ 9:34

ತಮ್ಮಾ, ಕಡಲಿನ ವಿಷಯ ನನಗೆ ಗೊತ್ತಿಲ್ಲ, ಡಿಶ್ ವಿಷಯ ಗೊತ್ತು. ಇಪ್ಪತ್ತೈದು ವರ್ಷ ಕೇಬಲ್ ನಡೆಸಿದ್ದೇನೆ. ತಾರಸಿ ಮೇಲೆ ಹನ್ನೆರಡು ಅಡಿ ಡಿಶ್ ಇತ್ತು, ಸಿ ಬ್ಯಾಂಡ್‌ನದು. ಎಂಥ ಮಳೆ ಸುರಿದರೂ ಚಿತ್ರ ಹೋಗುತ್ತಿರಲಿಲ್ಲ. ಈಗ ಮನೆಮನೆಯ ಗೋಡೆಗೆ ಹೊಡೆದಿರುವ ಚಿಕ್ಕ ಡಿಶ್ ಕು ಬ್ಯಾಂಡ್. ಜೋರು ಮಳೆಗೆ ಅದರ ಚಿತ್ರ ನಿಂತುಬಿಡುತ್ತದೆ. ಆದರೆ ಗಮನಿಸಿ ನೋಡು, ಬರೀ ಮೋಡ ಕವಿದರೆ ಅದಕ್ಕೂ ಏನೂ ಆಗುವುದಿಲ್ಲ. ಅಂದರೆ ಮೋಡದೊಳಗಿಂದ ಸಿಗ್ನಲ್ ಆರಾಮಾಗಿ ದಾಟಿ ಬರುತ್ತದೆ. ನಿನ್ನ ಎರಡನೇ ನಕ್ಷೆಯೂ ಅಂಥದ್ದೇ ಇರಬೇಕು.

ಕಡಲ ವಿದ್ಯಾರ್ಥಿ · ಭಾನುವಾರ ರಾತ್ರಿ 10:15

ಕೇಬಲ್ ಅಣ್ಣ ಹೇಳಿದ್ದು ನೂರಕ್ಕೆ ನೂರು ಸರಿ. ನಾನು ಮಲ್ಲೇಶ್ವರದ ಪಕ್ಕ ಐಐಎಸ್‌ಸಿಯಲ್ಲಿ ಕಡಲು ಮತ್ತು ಮುಂಗಾರಿನ ಮೇಲೆ ಪಿಎಚ್‌ಡಿ ಮಾಡುತ್ತಿದ್ದೇನೆ. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರಾಗಬೇಡಿ.

ನಿಮ್ಮ ಮೊದಲನೇ ನಕ್ಷೆ ಇನ್‌ಫ್ರಾರೆಡ್‌ನಲ್ಲಿ, ಅಂದರೆ ಕಣ್ಣಿಗೆ ಕಾಣದ ಶಾಖದ ಕಿರಣದಲ್ಲಿ ತೆಗೆದದ್ದು. ನಮ್ಮ ಇನ್ಸಾಟ್-3ಡಿಆರ್, ಇನ್ಸಾಟ್-3ಡಿಎಸ್ ಮತ್ತು 2022ರ ನವೆಂಬರ್‌ನಲ್ಲಿ ಹೋದ ಓಷನ್‌ಸ್ಯಾಟ್-3 ಉಪಗ್ರಹಗಳು ಕಡಲಿನ ಉಷ್ಣತೆಯನ್ನು ಅಳೆಯುವುದು ಇದೇ ದಾರಿಯಲ್ಲಿ. ಅದರ ಅಲೆ 11, 12 ಮೈಕ್ರಾನ್ (ಮಿಲಿಮೀಟರಿನ ಸಾವಿರದ ಒಂದು ಪಾಲು) ಉದ್ದ. ಮೋಡದ ಹನಿ ಕೂಡ ಹೆಚ್ಚುಕಡಿಮೆ ಅಷ್ಟೇ ಗಾತ್ರ. ಹಾಗಾಗಿ ಆ ಅಲೆ ಮೋಡದಲ್ಲೇ ಸಿಕ್ಕಿಬೀಳುತ್ತದೆ. ಉಪಗ್ರಹಕ್ಕೆ ಕಾಣುವುದು ಮೋಡದ ನೆತ್ತಿಯ ಚಳಿ, ನೀರಲ್ಲ. ಅಂಥ ಜಾಗವನ್ನು ಬಿಳಿ ಬಿಡುತ್ತಾರೆ.

ಎರಡನೇ ನಕ್ಷೆಯಲ್ಲಿ ಮೈಕ್ರೋವೇವ್ ಅಳತೆಯೂ ಸೇರಿದೆ. ಮೈಕ್ರೋವೇವ್‌ನಲ್ಲಿ 6.9 ಗಿಗಾಹರ್ಟ್ಸ್ ಫ್ರೀಕ್ವೆನ್ಸಿಯ ಅಲೆ ನಾಲ್ಕು ಸೆಂಟಿಮೀಟರಿಗಿಂತ ಉದ್ದ. ಅದರ ಮುಂದೆ ಮೋಡದ ಹನಿ ಲೆಕ್ಕಕ್ಕೇ ಇಲ್ಲ, ಅಲೆ ದಾಟಿ ಹೋಗುತ್ತದೆ. ಮಳೆ ಹನಿ ಮಿಲಿಮೀಟರ್ ಗಾತ್ರದ್ದು, ಅದು ತೊಂದರೆ ಕೊಡುತ್ತದೆ. ಮಳೆ ಸುರಿಯುತ್ತಿರುವ ಜಾಗವನ್ನು ಈ ಅಳತೆಯಲ್ಲೂ ತೆಗೆದುಹಾಕುತ್ತಾರೆ. ಕೇಬಲ್ ಅಣ್ಣ ಹೇಳಿದ ಚಿಕ್ಕ ಡಿಶ್ ಕಥೆಯೇ.

ಈ ಕೆಲಸ ಈಗ ಜಪಾನಿನ ಎಎಂಎಸ್‌ಆರ್-2 ಎಂಬ ಯಂತ್ರ ಮಾಡುತ್ತಿದೆ. 2012ರ ಮೇ ತಿಂಗಳಲ್ಲಿ ಹೋದ ಶಿಜುಕು ಉಪಗ್ರಹದಲ್ಲಿದೆ. ಸುಮಾರು 700 ಕಿ.ಮೀ. ಎತ್ತರದಲ್ಲಿ 2 ಮೀಟರ್ ಅಗಲದ ಡಿಶ್ಶನ್ನು ನಿಮಿಷಕ್ಕೆ 40 ಸುತ್ತು ತಿರುಗಿಸುತ್ತಾ ಹೋಗುತ್ತದೆ. ಒಂದು ಸಲ ಹಾದುಹೋದರೆ 1,450 ಕಿ.ಮೀ. ಅಗಲದ ಪಟ್ಟಿ ನೋಡಿಬಿಡುತ್ತದೆ.

ಆದ್ದರಿಂದ ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ: ಹೌದು, ಮೋಡದ ಕೆಳಗಿನ ನೀರನ್ನು ನಿಜವಾಗಿ ಅಳೆಯಬಹುದು. ಇನ್ನರ್ಧ ನಾಳೆ ಬರೆಯುತ್ತೇನೆ. ನಿಮ್ಮ ಅಣ್ಣ ಹೋಗುವ ಜಾಗಕ್ಕೆ ಆ ಇನ್ನರ್ಧವೇ ಮುಖ್ಯ.

ವಿಜಯನಗರ ಅಪ್ಪು · ಭಾನುವಾರ ರಾತ್ರಿ 10:21

ಮೈಕ್ರೋವೇವ್ ಅಂದರೆ ಓವನ್ ಥರ ಕಡಲಿನ ಮೇಲೆ ಬಿಡುತ್ತಾರಾ? ಮೀನಿಗೆ ಏನೂ ಆಗುವುದಿಲ್ವಾ?

ಜಯನಗರದ ಫಿಸಿಕ್ಸ್ ಮೇಡಂ · ಸೋಮವಾರ ಬೆಳಗ್ಗೆ 6:50

ಅಪ್ಪು, ಒಳ್ಳೆಯ ಪ್ರಶ್ನೆ. ಏನನ್ನೂ ಬಿಡುವುದಿಲ್ಲ. ಬಿಸಿ ಇರುವ ಪ್ರತಿ ವಸ್ತುವೂ ತಾನಾಗಿ ಸ್ವಲ್ಪ ಸ್ವಲ್ಪ ಮೈಕ್ರೋವೇವ್ ಸೂಸುತ್ತಿರುತ್ತದೆ. ನೀನು, ನಾನು, ಗೋಡೆ, ಕಡಲು, ಎಲ್ಲವೂ. ಉಪಗ್ರಹ ಸುಮ್ಮನೆ ಕೇಳಿಸಿಕೊಳ್ಳುತ್ತದೆ, ಅಷ್ಟೇ. ರಾಡಾರ್ ಕೂಗಿ ಪ್ರತಿಧ್ವನಿ ಕೇಳುತ್ತದೆ, ಉಪಗ್ರಹದಲ್ಲಿರುವ ಈ ಯಂತ್ರ, ಅಂದರೆ ರೇಡಿಯೋಮೀಟರ್, ಕೂಗುವುದೇ ಇಲ್ಲ.

ಆದರೆ ಇಲ್ಲಿ ಒಂದು ಸಂಗತಿ ಇದೆ. ಮಕ್ಕಳಿಗೆ ತರಗತಿಯಲ್ಲಿ ಮಾಡಿ ತೋರಿಸುತ್ತೇನೆ. ಕೊರೊನಾ ಕಾಲದಲ್ಲಿ ಹಣೆಗೆ ಹಿಡಿಯುತ್ತಿದ್ದರಲ್ಲ, ಆ ಥರದ ಥರ್ಮಾಮೀಟರ್ ಗನ್, ಅಡುಗೆಮನೆಗೆ ಬಳಸುವಂಥದ್ದು, ತೆಗೆದುಕೊಳ್ಳಿ. ಹೊಳೆಯುವ ಸ್ಟೀಲ್ ಲೋಟದಲ್ಲಿ ಬಿಸಿ ಕಾಫಿ ಹಾಕಿ. ಮುಟ್ಟಿದರೆ ಬೆರಳು ಸುಡುತ್ತದೆ. ಗನ್ ಹಿಡಿದರೆ ಲೋಟ ಬೆಚ್ಚಗೂ ಇಲ್ಲ ಎನ್ನುತ್ತದೆ. ಈಗ ಲೋಟದ ಮೈಗೆ ಕರೆಂಟ್ ಕೆಲಸದ ಕಪ್ಪು ಟೇಪಿನ ಚಿಕ್ಕ ತುಂಡು ಅಂಟಿಸಿ, ಅದರ ಮೇಲೆ ಗನ್ ಹಿಡಿಯಿರಿ. ಸಂಖ್ಯೆ ಪಟ್ಟಂತ ಏರುತ್ತದೆ. ಲೋಟ ಅದೇ, ಕಾಫಿ ಅದೇ. ಹೊಳೆಯುವ ಸ್ಟೀಲ್ ತನ್ನ ಬಿಸಿಯನ್ನು ಸರಿಯಾಗಿ ಸೂಸುವುದಿಲ್ಲ, ಬದಲಿಗೆ ಕೋಣೆಯನ್ನು ಪ್ರತಿಫಲಿಸುತ್ತದೆ.

ಮೈಕ್ರೋವೇವ್‌ಗೆ ಕಡಲು ಈ ಸ್ಟೀಲ್ ಲೋಟದ ಥರ. 28 ಡಿಗ್ರಿ ನೀರು ಅಂದರೆ 301 ಕೆಲ್ವಿನ್ (ಡಿಗ್ರಿಗೆ 273 ಸೇರಿಸಿದರೆ ಕೆಲ್ವಿನ್). ಆದರೆ 6.9 ಗಿಗಾಹರ್ಟ್ಸ್‌ನಲ್ಲಿ ಉಪಗ್ರಹಕ್ಕೆ ಕಾಣುವುದು 170 ಕೆಲ್ವಿನ್ ಆಸುಪಾಸು. ಅಂದರೆ ಸೊನ್ನೆಗಿಂತ ನೂರು ಡಿಗ್ರಿ ಕೆಳಗೆ! ಅದು ನೇರ ಧ್ರುವೀಕರಣದ, ಅಂದರೆ ಮೇಲೆ ಕೆಳಗೆ ತೂಗುವ ಅಲೆಯ ಲೆಕ್ಕ. ಅಡ್ಡ ಧ್ರುವೀಕರಣದಲ್ಲಿ ನೋಡಿದರೆ ಅದರ ಅರ್ಧ. ಕಡಲು ತನ್ನ ಬಿಸಿಯ ಅರ್ಧ ಪಾಲನ್ನಷ್ಟೇ ಸೂಸುತ್ತಿದೆ, ಉಳಿದಂತೆ ಮೇಲಿನ ತಣ್ಣನೆಯ ಆಕಾಶವನ್ನು ಕನ್ನಡಿಯ ಹಾಗೆ ತೋರಿಸುತ್ತಿದೆ. ಇಂಥ ಸಂಖ್ಯೆಯಿಂದ 28 ಡಿಗ್ರಿಯನ್ನು ಹೊರಗೆ ತೆಗೆಯುತ್ತಾರಲ್ಲ, ಅದನ್ನು ನೆನೆಸಿಕೊಂಡರೆ ನನಗೆ ಈಗಲೂ ಖುಷಿಯಾಗುತ್ತದೆ.

ಮಲ್ಪೆ ಹುಡುಗ · ಸೋಮವಾರ ಬೆಳಗ್ಗೆ 8:05

ಮೇಡಂ, ಬೆಳಗ್ಗೆ ಕಾಫಿ ಕುಡಿಯುತ್ತಾ ಇದನ್ನೇ ಓದಿದೆ. ಲೋಟ ನೋಡುತ್ತಾ ಕೂತೆ. ಆದರೆ ಕಡಲು ಯಾವಾಗಲೂ ಕನ್ನಡಿ ಥರ ಇರುವುದಿಲ್ಲವಲ್ಲ. ಮಳೆಗಾಲದಲ್ಲಿ ಅಲೆ, ನೊರೆ. ಆಗ ಲೆಕ್ಕ ತಪ್ಪುವುದಿಲ್ವಾ?

ಪೀಣ್ಯದ ಹಳೆಯ ಕೈ · ಸೋಮವಾರ ಬೆಳಗ್ಗೆ 11:20

ತಪ್ಪುತ್ತದೆ. ಅದಕ್ಕೇ ಒಂದೇ ಕಿವಿ, ಅಂದರೆ ಒಂದೇ ಫ್ರೀಕ್ವೆನ್ಸಿ ಸಾಲದು, ಹಲವು ಬೇಕು.

ನಾನು ಉಪಗ್ರಹ ಕೆಲಸಕ್ಕೆ ಸೇರಿದ್ದು ಭಾಸ್ಕರ-2ರ ಹೊತ್ತಿಗೆ, ನಿವೃತ್ತನಾಗಿ ಬಹಳ ವರ್ಷವಾಯಿತು. ಆರ್ಯಭಟ ತಯಾರಾದ ಪೀಣ್ಯದ ಶೆಡ್ಡುಗಳ ದಿನಗಳು ಅವು. ಆಸ್‌ಬೆಸ್ಟಾಸ್ ಮಾಡಿನ ಕೆಳಗೆ ಬಿಳಿ ಕೋಟು ಹಾಕಿಕೊಂಡು ಕೆಲಸ. 1979ರ ಭಾಸ್ಕರ-1ರಲ್ಲೂ 1981ರ ಭಾಸ್ಕರ-2ರಲ್ಲೂ ಸಮೀರ್ ಎಂಬ ಮೈಕ್ರೋವೇವ್ ರೇಡಿಯೋಮೀಟರ್ ಇತ್ತು, ಅಹಮದಾಬಾದಿನಲ್ಲಿ ತಯಾರಾಗಿ ಬಂದದ್ದು. 19 ಮತ್ತು 22 ಗಿಗಾಹರ್ಟ್ಸ್, ಎರಡನೆಯದರಲ್ಲಿ 31 ಕೂಡ ಸೇರಿತು. ಅದು ಕಡಲಿನ ಮೇಲಿನ ಗಾಳಿಯ ನೀರಾವಿ, ಮೋಡದ ನೀರು ಇವನ್ನು ನೋಡುತ್ತಿತ್ತು. ಕಡಲಿನ ಬಿಸಿ ಹಿಡಿಯಲು ಇನ್ನೂ ಕೆಳಗಿನ ಫ್ರೀಕ್ವೆನ್ಸಿ ಬೇಕು.

ಏಕೆ ಅಂದರೆ, ನೀರಿನ ಉಷ್ಣತೆ ಬದಲಾದಾಗ ಸಿಗ್ನಲ್ ಚೆನ್ನಾಗಿ ಬದಲಾಗುವುದು 5ರಿಂದ 7 ಗಿಗಾಹರ್ಟ್ಸ್ ಸುತ್ತ. 10.7ರಲ್ಲೂ ನಡೆಯುತ್ತದೆ, ಆದರೆ ನೀರು ತೀರಾ ತಣ್ಣಗಿದ್ದರೆ ಅದು ಮಂಕಾಗುತ್ತದೆ. ನಮ್ಮ ಅರಬ್ಬಿ ಸಮುದ್ರಕ್ಕೆ ಆ ಭಯವಿಲ್ಲ. ಇನ್ನೂ ಕೆಳಗೆ 1.4ಕ್ಕೆ ಹೋದರೆ ಉಷ್ಣತೆಗಿಂತ ಉಪ್ಪಿನ ಅಂಶ ಜಾಸ್ತಿ ಕಾಣಿಸುತ್ತದೆ.

ಈಗ ನಿಮ್ಮ ಅಲೆ, ನೊರೆ. ಗಾಳಿ ಎದ್ದರೆ ಕನ್ನಡಿ ಒರಟಾಗುತ್ತದೆ, ನೊರೆ ಬಂದರೆ ಕಡಲು ಜಾಸ್ತಿ ಸೂಸುತ್ತದೆ, ನೀರು ಬಿಸಿಯಾದ ಹಾಗೆ ಕಾಣುತ್ತದೆ. ಅದಕ್ಕೇ ಅದೇ ಡಿಶ್ಶಿನಲ್ಲಿ 18.7 ಮತ್ತು 36.5ರ ಕಿವಿಗಳನ್ನೂ ಇಟ್ಟಿರುತ್ತಾರೆ, ಅವು ಗಾಳಿ ಮತ್ತು ಮೋಡದ ನೀರನ್ನು ಹೇಳುತ್ತವೆ. 23.8 ನೀರಾವಿ ಹೇಳುತ್ತದೆ. ಪ್ರತಿಯೊಂದನ್ನೂ ಎರಡು ಧ್ರುವೀಕರಣದಲ್ಲಿ ಕೇಳುತ್ತಾರೆ. ಎಲ್ಲವನ್ನೂ ಸೇರಿಸಿ, ಗಾಳಿಯ ಪಾಲು ಕಳೆದು, ನೀರಾವಿಯ ಪಾಲು ಕಳೆದು, ಕೊನೆಗೆ ಉಳಿದದ್ದು ಕಡಲಿನ ಉಷ್ಣತೆ. ಹೆಚ್ಚುಕಡಿಮೆ ಅರ್ಧ ಡಿಗ್ರಿ ಆಚೀಚೆ ಬರುತ್ತದೆ.

ಇನ್ನೊಂದು ಮಾತು. ಯಂತ್ರ ತಾನೇ ಬಿಸಿಯಾಗುತ್ತದೆ, ತಣ್ಣಗಾಗುತ್ತದೆ, ಅದರ ಅಳತೆ ಜಾರುತ್ತದೆ. ಹಾಗಾಗಿ ಡಿಶ್ ತಿರುಗುವಾಗ ಪ್ರತಿ ಸುತ್ತಿನಲ್ಲೂ, ಅಂದರೆ ಒಂದೂವರೆ ಸೆಕೆಂಡಿಗೆ ಒಮ್ಮೆ, ಅದು ಎರಡು ಗೊತ್ತಿರುವ ವಸ್ತುಗಳನ್ನು ನೋಡುತ್ತದೆ. ಒಂದು ಯಂತ್ರದೊಳಗೇ ಇರುವ ಬೆಚ್ಚನೆಯ ಕಪ್ಪು ತುಂಡು, 300 ಕೆಲ್ವಿನ್ ಸುತ್ತ. ಇನ್ನೊಂದು ಚಿಕ್ಕ ಕನ್ನಡಿಯ ಮೂಲಕ ಕಾಣುವ ಖಾಲಿ ಆಕಾಶ, 2.7 ಕೆಲ್ವಿನ್. ವಿಶ್ವದ ಆದಿಯಿಂದ ಉಳಿದ ಆ ಚಳಿಯೇ ನಮ್ಮ ಕೆಳಗಿನ ಗುರುತು. ತಕ್ಕಡಿಗೆ ಎರಡು ಕಡೆ ಬಟ್ಟು ಇಟ್ಟು ನೋಡಿದ ಹಾಗೆ. ನಮ್ಮ ಕೆಲಸದಲ್ಲಿ ಇದಕ್ಕಿಂತ ದೊಡ್ಡದು ಇನ್ನೊಂದಿಲ್ಲ. ಬಿಸಿ ತುಂಡಿನ ಒಂದು ಬದಿ ಇನ್ನೊಂದು ಬದಿಗಿಂತ ಸ್ವಲ್ಪ ಬಿಸಿಯಾದರೂ ಇಡೀ ಕಡಲಿನ ನಕ್ಷೆ ಕೆಡುತ್ತದೆ.

ಮಲ್ಪೆ ಹುಡುಗ · ಸೋಮವಾರ ಮಧ್ಯಾಹ್ನ 1:15

ಸರ್, ಊಟದ ಹೊತ್ತಿನಲ್ಲಿ ಎರಡು ಸಲ ಓದಿದೆ. ನಮ್ಮ ದೇಶದ್ದು ಇಂಥ ಯಂತ್ರ ಈಗ ಇದೆಯಾ?

ಪೀಣ್ಯದ ಹಳೆಯ ಕೈ · ಸೋಮವಾರ ಮಧ್ಯಾಹ್ನ 3:40

ಇತ್ತು. 1999ರ ಮೇ 26ರಂದು ಪಿಎಸ್‌ಎಲ್‌ವಿ-ಸಿ2ನಲ್ಲಿ ಹೋದ ಓಷನ್‌ಸ್ಯಾಟ್-1ರಲ್ಲಿ ಎಂಎಸ್‌ಎಂಆರ್ ಎಂಬ ರೇಡಿಯೋಮೀಟರ್ ಇತ್ತು. 6.6, 10.65, 18 ಮತ್ತು 21 ಗಿಗಾಹರ್ಟ್ಸ್. ಮೋಡದ ಕೆಳಗಿನ ಕಡಲನ್ನು ನಮ್ಮದೇ ಯಂತ್ರ ನೋಡಿತು. ಅಮೆರಿಕ, ಜಪಾನಿನ ದೊಡ್ಡ ಯಂತ್ರ ಎಎಂಎಸ್‌ಆರ್-ಇ ಮೇಲೆ ಹೋದದ್ದು ಅದಾದ ಮೂರು ವರ್ಷಕ್ಕೆ, 2002ರಲ್ಲಿ. ಆ ಮಟ್ಟಿಗೆ ನಾವು ಮುಂದಿದ್ದೆವು. ಆಮೇಲೆ 2011ರಲ್ಲಿ ಮೇಘಾ-ಟ್ರಾಪಿಕ್ಸ್‌ನಲ್ಲಿ ಮದ್ರಾಸ್ ಎಂಬ ರೇಡಿಯೋಮೀಟರ್ ಹೋಯಿತು, ಆದರೆ ಅದು 18.7ರಿಂದ ಶುರು, ಮಳೆ ನೋಡುವುದಕ್ಕೆ. 2013ರ ಆರಂಭದಲ್ಲಿ ಅದೂ ನಿಂತಿತು. 6 ಗಿಗಾಹರ್ಟ್ಸ್‌ನ ಕಿವಿ ಎಂಎಸ್‌ಎಂಆರ್ ನಂತರ ನಮಗೆ ಮತ್ತೆ ಬಂದಿಲ್ಲ.

ನನಗೆ ಇದು ನೋವಿನ ವಿಷಯ. ವರ್ಷದಲ್ಲಿ ನಾಲ್ಕು ತಿಂಗಳು ಕಡಲೆಲ್ಲ ಮೋಡ ಕವಿಯುವ ದೇಶ ನಮ್ಮದು. ಇದು ಬೇರೆಯವರಿಗಿಂತ ನಮಗೇ ಜಾಸ್ತಿ ಬೇಕು.

ವಿಜಯನಗರ ಅಪ್ಪು · ಸೋಮವಾರ ಸಂಜೆ 4:02

ನಿಸಾರ್ ಉಪಗ್ರಹ ಇದೆಯಲ್ಲ ಸರ್? ಬೆಂಗಳೂರಿನಲ್ಲೇ ಜೋಡಿಸಿದ್ದು. ಅದರ ಡಿಶ್ 12 ಮೀಟರ್ ಅಂತ ಓದಿದ್ದೆ.

ಪೀಣ್ಯದ ಹಳೆಯ ಕೈ · ಸೋಮವಾರ ಸಂಜೆ 4:30

ಅದು ರಾಡಾರ್ ಅಪ್ಪು, ಕೂಗಿ ಕೇಳುವಂಥದ್ದು. ನೆಲ ಕುಸಿಯುವುದು, ಕಾಡು, ಹಿಮ ನೋಡುತ್ತದೆ. ಕಡಲಿನ ಬಿಸಿ ಅದಕ್ಕೆ ತಿಳಿಯದು. ಆದರೆ ಅದರ ತಂತಿ ಬಲೆಯ ಡಿಶ್ ನೋಡಿ ನಿನಗೆ ಹೊಳೆದದ್ದು ಸರಿಯಾಗಿದೆ. ಯುರೋಪಿನವರು ಸಿಐಎಂಆರ್ ಎಂಬ ರೇಡಿಯೋಮೀಟರಿಗೆ ಅಂಥದ್ದೇ ಮಡಚುವ ಬಲೆ ಡಿಶ್ ಹಾಕುತ್ತಿದ್ದಾರೆ, 7 ಮೀಟರಿಗಿಂತ ದೊಡ್ಡದು, ಅದನ್ನು ತಿರುಗಿಸುತ್ತಾರೆ ಬೇರೆ. ಡಿಶ್ ಯಾಕೆ ಅಷ್ಟು ದೊಡ್ಡದು ಬೇಕು ಅನ್ನುವುದನ್ನು ಆ ಐಐಎಸ್‌ಸಿ ಹುಡುಗಿ ಹೇಳಲಿ. ಮಲ್ಪೆಯವರ ಪ್ರಶ್ನೆಯ ಗಂಟು ಇರುವುದು ಅಲ್ಲೇ.

ಕಡಲ ವಿದ್ಯಾರ್ಥಿ · ಸೋಮವಾರ ರಾತ್ರಿ 9:50

ಹೇಳುತ್ತೇನೆ ಸರ್.

ಅಲೆ ಉದ್ದವಾದಷ್ಟೂ ಅದನ್ನು ಒಂದು ಕಡೆ ಗುರಿ ಇಟ್ಟು ಕೇಳಲು ದೊಡ್ಡ ಡಿಶ್ ಬೇಕು. ಎಎಂಎಸ್‌ಆರ್-2ರ ಡಿಶ್ 2 ಮೀಟರ್. ಅದರಲ್ಲಿ 6.9 ಗಿಗಾಹರ್ಟ್ಸ್ ಅಲೆ ನೋಡುವ ಒಂದು ಚುಕ್ಕೆ 35 ಕಿ.ಮೀ. ಅಗಲ, 62 ಕಿ.ಮೀ. ಉದ್ದ. ಬೆಂಗಳೂರಿನ ಲೆಕ್ಕದಲ್ಲಿ ಹೇಳುವುದಾದರೆ, ಅಗಲ ಕೆಂಗೇರಿಯಿಂದ ವೈಟ್‌ಫೀಲ್ಡ್ ದಾಟುವಷ್ಟು, ಉದ್ದ ಇಲ್ಲಿಂದ ಹತ್ತಿರ ಹತ್ತಿರ ತುಮಕೂರಿನಷ್ಟು. ಅಷ್ಟಕ್ಕೆಲ್ಲ ಸೇರಿ ಒಂದೇ ಸಂಖ್ಯೆ. ಎಂಎಸ್‌ಎಂಆರ್‌ನ ಚುಕ್ಕೆ ಇದರ ಎರಡರಷ್ಟು ಉದ್ದ, 120 ಕಿ.ಮೀ. ಆಸುಪಾಸು ಇತ್ತು. ಇನ್‌ಫ್ರಾರೆಡ್ ಆದರೆ ಒಂದು ಕಿ.ಮೀ. ಚೌಕವನ್ನೂ ನೋಡುತ್ತದೆ, ಮೋಡ ಇಲ್ಲದಿದ್ದರೆ.

ನಡು ಕಡಲಿನಲ್ಲಿ ಇದು ದೊಡ್ಡ ತೊಂದರೆಯಲ್ಲ. ದಡದ ಹತ್ತಿರ ತೊಂದರೆ. ಮೇಡಂ ಹೇಳಿದರಲ್ಲ, 6.9ರಲ್ಲಿ ಕಡಲು 170 ಕೆಲ್ವಿನ್ ಕಾಣುತ್ತದೆ ಅಂತ. ನೆಲ ಕನ್ನಡಿಯಲ್ಲ, ಕಪ್ಪು ಟೇಪಿನ ಥರ. ಅದು 270 ಕೆಲ್ವಿನ್ ಸುತ್ತ ಕಾಣುತ್ತದೆ. ವ್ಯತ್ಯಾಸ ನೂರು. ಡಿಶ್ ಎಷ್ಟೇ ಚೆನ್ನಾಗಿದ್ದರೂ ಪಕ್ಕದಿಂದ ಸ್ವಲ್ಪ ಸೋರಿಕೆ ಇದ್ದೇ ಇರುತ್ತದೆ. ನೂರರಲ್ಲಿ ಒಂದೇ ಒಂದು ಪಾಲು ನೆಲ ಸೇರಿಕೊಂಡಿತು ಅಂದುಕೊಳ್ಳಿ. ಯಂತ್ರದ ಓದು, ಅಂದರೆ ಅದು ತೋರಿಸುವ ಸಂಖ್ಯೆ, 1 ಕೆಲ್ವಿನ್ ಏರುತ್ತದೆ. ಆದರೆ ನೀರು ಒಂದು ಡಿಗ್ರಿ ಬಿಸಿಯಾದರೆ ಓದು ಏರುವುದು ಸುಮಾರು ಅರ್ಧ ಕೆಲ್ವಿನ್ ಅಷ್ಟೇ. ಹಾಗಾಗಿ ಆ ಒಂದು ಪಾಲು ನೆಲದಿಂದ ಕಡಲು ಎರಡು ಡಿಗ್ರಿ ಬಿಸಿ ಅಂತ ತಪ್ಪಾಗಿ ಕಾಣುತ್ತದೆ.

ಈಗ ನಿಮ್ಮ ಅಣ್ಣನ ಜಾಗ ನೆನೆಸಿಕೊಳ್ಳಿ. ಮುಂಗಾರಿನಲ್ಲಿ ನಮ್ಮ ಪಶ್ಚಿಮ ಕರಾವಳಿಯಲ್ಲಿ ಕೆಳಗಿನ ತಂಪು ನೀರು ದಡದ ಪಕ್ಕದ ಕಿರಿದಾದ ಪಟ್ಟಿಯಲ್ಲಿ ಮೇಲೆ ಬರುತ್ತದೆ. ಗೊಬ್ಬರದ ಅಂಶವನ್ನೂ ಹೊತ್ತು ತರುತ್ತದೆ, ಅದರ ಹಿಂದೆ ಬೂತಾಯಿ. ನಿಮ್ಮ ಅಣ್ಣನ ಅನುಭವ ಸರಿಯಾಗಿದೆ. ಆದರೆ ಆ ತಂಪು ಪಟ್ಟಿ ಇರುವ ಜಾಗದಲ್ಲೇ ಮೈಕ್ರೋವೇವ್ ಸುಳ್ಳು ಬಿಸಿ ತೋರಿಸುತ್ತದೆ! ಅದು ಗೊತ್ತಿರುವುದರಿಂದ ದಡದಿಂದ 50ರಿಂದ 100 ಕಿ.ಮೀ. ತನಕದ ಓದುಗಳನ್ನು ಕೈಬಿಡುತ್ತಾರೆ. ಅಂದರೆ ಮಳೆಗಾಲದ ಆ ಪಟ್ಟಿಗೆ ಇನ್‌ಫ್ರಾರೆಡ್ ಮೋಡದಿಂದ ಕುರುಡು, ಮೈಕ್ರೋವೇವ್ ನೆಲದಿಂದ ಕುರುಡು.

ಹಾಗಾದರೆ ನಿಮ್ಮ ಎರಡನೇ ನಕ್ಷೆಯಲ್ಲಿ ಮಲ್ಪೆ ಬಂದರಿನ ತನಕ ಬಣ್ಣ ಎಲ್ಲಿಂದ ಬಂತು? ಅದು ತುಂಬಿಸಿದ ಬಣ್ಣ. ಹೊರಗಿನ ಕಡಲಿನಲ್ಲಿ ಎಎಂಎಸ್‌ಆರ್-2 ನಿಜವಾಗಿ ಅಳೆದದ್ದು, ನಾಲ್ಕಾರು ದಿನ ಹಿಂದೆ ಮೋಡ ಸರಿದಾಗ ಇನ್‌ಫ್ರಾರೆಡ್ ಕಂಡದ್ದು, ಕಡಲಿನಲ್ಲಿ ತೇಲುವ ಅಳತೆಯ ಯಂತ್ರಗಳ ಓದು, ಇವನ್ನೆಲ್ಲ ಹದವಾಗಿ ಬೆರೆಸಿ ಖಾಲಿ ಜಾಗಕ್ಕೆ ಎಳೆಯುತ್ತಾರೆ. ಮೋಸವೇನೂ ಅಲ್ಲ, ಹವಾಮಾನದ ಮಾದರಿಗಳಿಗೆ ಅದು ಬೇಕೇ ಬೇಕು. ಅವರ ಕಡತದಲ್ಲೇ ಪ್ರತಿ ಚೌಕಕ್ಕೂ ಎಷ್ಟು ತಪ್ಪಿರಬಹುದು ಅನ್ನುವ ಇನ್ನೊಂದು ಪದರ ಇರುತ್ತದೆ. ಬಣ್ಣದ ಚಿತ್ರ ಮಾಡಿ ವೆಬ್‌ಸೈಟಿಗೆ ಹಾಕುವಾಗ ಆ ಪದರ ಬಿಟ್ಟುಹೋಗುತ್ತದೆ, ಅದೇ ನನಗೆ ಸಿಟ್ಟು. ಒಂದು ಕಿ.ಮೀ. ಚೌಕದ ನಕ್ಷೆ ಅಂದರೆ ಒಂದು ಕಿ.ಮೀ.ಗೆ ಒಂದು ಅಳತೆ ಅಂತಲ್ಲ. ಮೋಡದ ದಿನಗಳಲ್ಲಿ ಅದು ದೊಡ್ಡ ಚುಕ್ಕೆಯನ್ನು ಚಿಕ್ಕ ಚೌಕಗಳಾಗಿ ಕತ್ತರಿಸಿದ್ದು ಅಷ್ಟೇ.

ಮಲ್ಪೆ ಹುಡುಗ · ಸೋಮವಾರ ರಾತ್ರಿ 10:40

ಇದು ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಆ ಬಣ್ಣ ನೋಡಿ "ನೀರು ಬಿಸಿ ಇದೆ, ಹೋಗಬೇಡ" ಅಂತ ಅಣ್ಣನಿಗೆ ಹೇಳುವವನಿದ್ದೆ. ಡೀಸೆಲ್, ಸೀಮೆಎಣ್ಣೆ ಖರ್ಚು, ಜನರ ಕೂಲಿ ಎಲ್ಲಾ ಅದರ ಮೇಲೆ ನಿಂತಿದೆ.

ಹೈದರಾಬಾದಿನ ಕಡಲ ಮಾಹಿತಿ ಕೇಂದ್ರ ಇನ್‌ಕಾಯಿಸ್‌ನವರು ಮೀನು ಸಿಗುವ ಜಾಗದ ಮುನ್ಸೂಚನೆ ಕಳಿಸುತ್ತಾರಲ್ಲ, ಅದು?

ಕಡಲ ವಿದ್ಯಾರ್ಥಿ · ಸೋಮವಾರ ರಾತ್ರಿ 11:05

ಅದು ಬಹಳ ಉಪಯೋಗದ್ದು. ಇನ್‌ಫ್ರಾರೆಡ್ ಉಷ್ಣತೆ ಮತ್ತು ನೀರಿನ ಹಸಿರು ಬಣ್ಣ ಎರಡನ್ನೂ ನೋಡಿ, ಬಿಸಿ ತಂಪು ಸೇರುವ ಗೆರೆ ಹುಡುಕಿ ಕೊಡುತ್ತಾರೆ. ಆ ಗೆರೆ ಕೆಲವೇ ಕಿ.ಮೀ. ಅಗಲ, ಹಾಗಾಗಿ ಮೈಕ್ರೋವೇವ್ ಚುಕ್ಕೆಗೆ ಸಿಗುವುದಿಲ್ಲ. ಆಕಾಶ ತಿಳಿಯಾಗಿರುವ ತಿಂಗಳುಗಳಲ್ಲಿ ಅದನ್ನೇ ನಂಬಿ. ಮೀನುಗಾರಿಕೆ ನಿಷೇಧದ ತಿಂಗಳಲ್ಲಿ ಅದು ಬರುವುದಿಲ್ಲ.

ಆರ್‌ಎಫ್ ರಾಜಾಜಿನಗರ · ಮಂಗಳವಾರ ಬೆಳಗ್ಗೆ 9:15

ನಾನು ಮೊಬೈಲ್ ನೆಟ್‌ವರ್ಕ್ ಕೆಲಸದವನು. ನೀವು 6.9 ಗಿಗಾಹರ್ಟ್ಸ್ ಅಂದಾಗ ಬೆಚ್ಚಿಬಿದ್ದೆ. 2023ರ ಕೊನೆಯಲ್ಲಿ ದುಬೈನಲ್ಲಿ ನಡೆದ ವಿಶ್ವ ರೇಡಿಯೋ ಸಮ್ಮೇಳನದಲ್ಲಿ 6,425ರಿಂದ 7,125 ಮೆಗಾಹರ್ಟ್ಸ್ ತನಕದ ಪಟ್ಟಿಯನ್ನು ಹಲವು ಪ್ರದೇಶಗಳಲ್ಲಿ ಮೊಬೈಲ್ ಸೇವೆಗೆ ಗುರುತಿಸಿದರು. ಈ ರೇಡಿಯೋಮೀಟರ್ ಕೇಳುತ್ತಿರುವುದು ಅದೇ ಪಟ್ಟಿಯೊಳಗೆ!

ನಿಯಮ ಪುಸ್ತಕದಲ್ಲಿ ಕಡಲಿನ ಈ ಅಳತೆಗೆ ಅಲ್ಲಿ ಗಟ್ಟಿಯಾದ ರಕ್ಷಣೆ ಇಲ್ಲ. ಕಡಲಿನ ಮೇಲೆ ಇಂಥ ಅಳತೆ ನಡೆಯುತ್ತದೆ, ಗಮನದಲ್ಲಿರಲಿ ಅನ್ನುವ ಒಂದು ಅಡಿಟಿಪ್ಪಣಿ ಇದೆ ಅಷ್ಟೇ. 2027ರ ಸಮ್ಮೇಳನಕ್ಕೆ 4.2ರಿಂದ 4.4 ಮತ್ತು 8.4ರಿಂದ 8.5 ಗಿಗಾಹರ್ಟ್ಸ್‌ನಲ್ಲಿ ಇದಕ್ಕೆ ಜಾಗ ಕೊಡಬಹುದಾ ಅಂತ ಅಧ್ಯಯನ ನಡೆದಿದೆ. ನಾವು ನೆಟ್‌ವರ್ಕಿನವರು ಯಾವಾಗಲೂ ಇನ್ನೂ ಸ್ಪೆಕ್ಟ್ರಮ್ ಬೇಕು ಅನ್ನುತ್ತೇವೆ. ಆ ಖಾಲಿ ಪಟ್ಟಿಯಲ್ಲಿ ಯಾರೋ ಕಡಲಿನ ಪಿಸುಮಾತು ಕೇಳುತ್ತಾ ಕೂತಿದ್ದಾರೆ ಅಂತ ನನ್ನ ಹದಿನೈದು ವರ್ಷದ ಸರ್ವೀಸಿನಲ್ಲಿ ಯಾರೂ ಹೇಳಿರಲಿಲ್ಲ.

ಪೀಣ್ಯದ ಹಳೆಯ ಕೈ · ಮಂಗಳವಾರ ಬೆಳಗ್ಗೆ 10:02

ಹೌದು. ಎಎಂಎಸ್‌ಆರ್-2ರಲ್ಲಿ 6.9ರ ಪಕ್ಕ 7.3 ಎಂಬ ಇನ್ನೊಂದು ಕಿವಿ ಹಾಕಿದ್ದೇ ಈ ಗದ್ದಲದ ಕಾರಣಕ್ಕೆ. ಒಂದರಲ್ಲಿ ಗಲಾಟೆ ಇದ್ದರೆ ಇನ್ನೊಂದರಲ್ಲಿ ಕೇಳಿ ಹೋಲಿಸಬಹುದು. ಟೀವಿ ಉಪಗ್ರಹಗಳ ಸಿಗ್ನಲ್ ಕಡಲಿನ ಮೇಲೆ ಬಿದ್ದು ಪುಟಿದು 10.7 ಮತ್ತು 18.7ರ ಕಿವಿಗೂ ಬೀಳುತ್ತದೆ. ಕನ್ನಡಿ ಅಂದಮೇಲೆ ಅದೂ ಇರುತ್ತದೆ.

ಕನಕಪುರ ರಸ್ತೆ ಗೃಹಿಣಿ · ಮಂಗಳವಾರ ಮಧ್ಯಾಹ್ನ 2:20

ಎಲ್ಲಾ ಓದಿದೆ, ಚೆನ್ನಾಗಿದೆ. ಕಡಲು ಇಲ್ಲಿಂದ ಮುನ್ನೂರು ಕಿ.ಮೀ. ಆಚೆ. ಅದರ ಒಂದು ಡಿಗ್ರಿಯಿಂದ ಬೆಂಗಳೂರಿನವರಿಗೆ ಏನು ವ್ಯತ್ಯಾಸ ಆಗುತ್ತದೆ?

ಕಡಲ ವಿದ್ಯಾರ್ಥಿ · ಮಂಗಳವಾರ ಸಂಜೆ 6:30

ಮಳೆ, ಮೇಡಂ. 1984ರಲ್ಲಿ ಹವಾಮಾನ ವಿಜ್ಞಾನಿ ಸುಲೋಚನಾ ಗಾಡ್ಗೀಳ್ ಅವರು ಪಿ.ವಿ. ಜೋಸೆಫ್ ಮತ್ತು ಎನ್.ವಿ. ಜೋಶಿ ಜೊತೆ ನೇಚರ್ ಪತ್ರಿಕೆಯಲ್ಲಿ ತೋರಿಸಿಕೊಟ್ಟರು: ಕಡಲಿನ ಮೈ ಸುಮಾರು 28 ಡಿಗ್ರಿ ದಾಟಿದ ಮೇಲೆಯೇ ಅದರ ಮೇಲೆ ದೊಡ್ಡ ಮಳೆಮೋಡ ಏಳುವ ಸಾಧ್ಯತೆ ಜಾಸ್ತಿ. ಅವರು ಕೆಲಸ ಮಾಡಿದ್ದು ಇದೇ ಐಐಎಸ್‌ಸಿಯಲ್ಲಿ. ಕಳೆದ ವರ್ಷಗಳಲ್ಲಿ ನಾವು ಕಳೆದುಕೊಂಡ ದೊಡ್ಡ ಜೀವ.

ಆದರೆ ಮೋಡ ಎದ್ದಮೇಲೆ ಅದರ ಕೆಳಗೆ ನೀರು ಏನಾಗುತ್ತದೆ? ಇನ್‌ಫ್ರಾರೆಡ್‌ಗೆ ಆ ಘಳಿಗೆಯಲ್ಲೇ ಕಣ್ಣು ಕಟ್ಟುತ್ತದೆ. 1997ರ ಕೊನೆಯಲ್ಲಿ ಟಿಆರ್‌ಎಂಎಂ ಉಪಗ್ರಹದ ಟಿಎಂಐ ಎಂಬ ರೇಡಿಯೋಮೀಟರ್ ಬಂದಮೇಲೆ 10.7 ಗಿಗಾಹರ್ಟ್ಸ್‌ನಲ್ಲಿ ಉಷ್ಣವಲಯದ ಕಡಲನ್ನು ಮೋಡದ ಮೂಲಕ ನೋಡಲು ಆಯಿತು. ಬಂಗಾಳ ಕೊಲ್ಲಿಯ ನೀರು ಮುಂಗಾರಿನಲ್ಲಿ ಒಂದೇ ಸಮ ಇರುವುದಿಲ್ಲ, ಮಳೆ ಬಿಡುವು ಕೊಟ್ಟಾಗ ಬಿಸಿಯಾಗಿ, ಮಳೆ ಜೋರಾದಾಗ ತಂಪಾಗಿ, ವಾರಗಟ್ಟಲೆ ಏರಿಳಿಯುತ್ತದೆ ಅಂತ ಸ್ಪಷ್ಟವಾಗಿ ಕಂಡಿತು. ನಮ್ಮ ವಿಭಾಗದವರೂ ಆ ಕೆಲಸದಲ್ಲಿ ಮುಂದೆ ಇದ್ದರು.

ಚಂಡಮಾರುತದ್ದೂ ಹಾಗೇ. 1998ರ ಆಗಸ್ಟ್‌ನಲ್ಲಿ ಅಟ್ಲಾಂಟಿಕ್‌ನಲ್ಲಿ ಬಾನಿ ಎಂಬ ಚಂಡಮಾರುತ ಕಡಲನ್ನು ಕಲಕಿ ತಂಪಿನ ಜಾಡು ಬಿಟ್ಟು ಹೋಯಿತು. ಹಿಂದೆಯೇ ಬಂದ ಡೇನಿಯಲ್ ಆ ಜಾಡಿನ ಮೇಲೆ ಬಂದಾಗ ಸೊರಗಿತು. ಮೋಡದ ಕೆಳಗಿನ ಆ ತಂಪು ಜಾಡನ್ನು ತೋರಿಸಿದ್ದು ಟಿಎಂಐ. ನಮ್ಮ ಅರಬ್ಬಿ ಸಮುದ್ರ ಮುಂಗಾರಿಗೆ ಮೊದಲು 30 ಡಿಗ್ರಿ ದಾಟುತ್ತದೆ. 2021ರ ಮೇನಲ್ಲಿ ತೌಕ್ತೆ ಅಂಥ ಬಿಸಿ ನೀರಿನ ಮೇಲೆ ಬಲಿತು ನಮ್ಮ ಕರಾವಳಿಯ ಪಕ್ಕದಲ್ಲೇ ಹಾದುಹೋಯಿತು. ಮಲ್ಪೆಯವರಿಗೆ ನಾನು ಹೇಳಬೇಕಿಲ್ಲ.

ಮಲ್ಪೆ ಹುಡುಗ · ಮಂಗಳವಾರ ರಾತ್ರಿ 8:45

ಆ ದಿನ ಅಲೆ ರಸ್ತೆಗೆ ಬಂದಿತ್ತು. ಅಮ್ಮ ಫೋನ್ ಹಿಡಿದು ಅಲೆಯ ಸದ್ದನ್ನೇ ಕೇಳಿಸಿದ್ದಳು.

ಅಣ್ಣನಿಗೆ ಇವತ್ತು ಎಲ್ಲಾ ಹೇಳಿದೆ. ಹೊರಗಿನ ಕಡಲಿನ ಅಳತೆ ನಿಜ, ನೀನು ಹೋಗುವ ಪಟ್ಟಿಯ ಬಣ್ಣ ತುಂಬಿಸಿದ್ದು ಅಂತ. ಅವನು ಒಂದು ಕ್ಷಣ ಸುಮ್ಮನಿದ್ದು, "ಹಾಗಾದರೆ ನಮ್ಮ ಪಟ್ಟಿ ಅಳೆಯುವವರು ಯಾರು?" ಅಂದ. ನನಗೆ ಉತ್ತರ ತೋಚಲಿಲ್ಲ.

ಜಯನಗರದ ಫಿಸಿಕ್ಸ್ ಮೇಡಂ · ಬುಧವಾರ ಬೆಳಗ್ಗೆ 6:40

ಅವರೇ ಅಳೆಯಲಿ. ಉಪಗ್ರಹ ಬರುವ ಮೊದಲು ನೂರಕ್ಕೂ ಹೆಚ್ಚು ವರ್ಷ ಹಡಗಿನವರು ಕಡಲಿನ ಉಷ್ಣತೆ ಅಳೆದದ್ದು ಬಕೆಟ್ಟಿನಲ್ಲಿ ನೀರು ಎತ್ತಿ, ಥರ್ಮಾಮೀಟರ್ ಅದ್ದಿ. ಹಳೆಯ ದಾಖಲೆಗಳು ಬಹಳಷ್ಟು ಹಾಗೇ ಬಂದದ್ದು.

ಎಸ್‌ಪಿ ರೋಡಿನ ಎಲೆಕ್ಟ್ರಾನಿಕ್ಸ್ ಅಂಗಡಿಗೆ ಹೋಗಿ ಡಿಎಸ್18ಬಿ20 ಎಂಬ ಉಷ್ಣತೆಯ ಸೆನ್ಸರ್ ಕೇಳಿ. ಸ್ಟೀಲ್ ಕೊಳವೆಯೊಳಗೆ ಕೂರಿಸಿದ ವಾಟರ್‌ಪ್ರೂಫ್ ಪ್ರೋಬ್ ಸಿಗುತ್ತದೆ. ಅದರ ತಪ್ಪು ಅರ್ಧ ಡಿಗ್ರಿ ಒಳಗೆ ಅಂತ ತಯಾರಕರೇ ಹೇಳುತ್ತಾರೆ, ಉಪಗ್ರಹದಷ್ಟೇ. ಮನೆಯಲ್ಲಿ ಪರೀಕ್ಷಿಸಿದರೆ ಇನ್ನೂ ಚೆನ್ನಾಗಿ ಮಾಡಬಹುದು. ಐಸ್ ಪುಡಿ ಮಾಡಿ, ನೀರು ಸೇರಿಸಿ, ಚೆನ್ನಾಗಿ ಕಲಕಿ, ಐದು ನಿಮಿಷ ಅದ್ದಿಡಿ. ಸೊನ್ನೆ ತೋರಿಸಬೇಕು. ಎಷ್ಟು ಜಾಸ್ತಿ ಕಮ್ಮಿ ಇದೆಯೋ ಬರೆದುಕೊಳ್ಳಿ. ಕುದಿಯುವ ನೀರಿನಲ್ಲಿ 100 ಬರಲಿಲ್ಲ ಅಂತ ಗಾಬರಿಯಾಗಬೇಡಿ. ಬೆಂಗಳೂರು 900 ಮೀಟರ್ ಎತ್ತರದಲ್ಲಿದೆ, ಇಲ್ಲಿ ನೀರು 97 ಡಿಗ್ರಿ ಸುತ್ತ ಕುದಿಯುತ್ತದೆ. ಶನಿವಾರ ನಮ್ಮ ಶಾಲೆಗೆ ತಂದರೆ ಲ್ಯಾಬಿನ ಒಳ್ಳೆಯ ಥರ್ಮಾಮೀಟರ್ ಜೊತೆ 25ರಿಂದ 30 ಡಿಗ್ರಿ ನೀರಿನಲ್ಲಿ ಹೋಲಿಸಿ ಕೊಡುತ್ತೇನೆ. ನಿಮಗೆ ಬೇಕಾದದ್ದು ಆ ಹರವು.

ಪೀಣ್ಯದ ಹಳೆಯ ಕೈ · ಬುಧವಾರ ಬೆಳಗ್ಗೆ 9:30

ಪ್ಲಾಸ್ಟಿಕ್ ಬಕೆಟ್ ಇರಲಿ. ಹಳೆಯ ಹಡಗಿನ ಕ್ಯಾನ್‌ವಾಸ್ ಬಕೆಟ್ಟಿನಲ್ಲಿ ಬಟ್ಟೆ ಒದ್ದೆಯಾಗಿ ಗಾಳಿಗೆ ಆರಿ ನೀರು ತಂಪಾಗುತ್ತಿತ್ತು, ಓದು ಕಮ್ಮಿ ಬರುತ್ತಿತ್ತು. ಎತ್ತಿದ ತಕ್ಷಣ ನೋಡಬೇಕು, ಎಂಜಿನ್ ಬದಿಯಿಂದ ಎತ್ತಬಾರದು. ಪ್ರೋಬನ್ನು ಪ್ರತಿ ಸಲ ಸಿಹಿನೀರಿನಲ್ಲಿ ತೊಳೆಯಲಿ.

ಕಡಲ ವಿದ್ಯಾರ್ಥಿ · ಬುಧವಾರ ಮಧ್ಯಾಹ್ನ 12:10

ಹೊತ್ತು ಮತ್ತು ಜಾಗ ಬರೆದಿಡಲಿ, ಫೋನಿನ ಜಿಪಿಎಸ್ ಸಾಕು. ಇನ್‌ಫ್ರಾರೆಡ್ ನೋಡುವುದು ಕೂದಲಿಗಿಂತ ತೆಳುವಾದ ನೀರಿನ ಪೊರೆಯನ್ನು, ಮೈಕ್ರೋವೇವ್ ಸುಮಾರು ಒಂದು ಮಿಲಿಮೀಟರ್, ಬಕೆಟ್ ಅರ್ಧ ಮೀಟರ್. ಬಿಸಿಲಿನ, ಗಾಳಿಯಿಲ್ಲದ ಮಧ್ಯಾಹ್ನ ಇವು ಮೂರೂ ಬೇರೆ ಬೇರೆ ಹೇಳುತ್ತವೆ. ಮಳೆಗಾಲದಲ್ಲಿ ಗಾಳಿ ಎಲ್ಲವನ್ನೂ ಕಲಕಿರುತ್ತದೆ, ವ್ಯತ್ಯಾಸ ಕಮ್ಮಿ. 2025ರ ಜೂನ್ 29ರಂದು ಜಪಾನಿನವರು ಎಎಂಎಸ್‌ಆರ್-3 ಹಾರಿಸಿದ್ದಾರೆ. ಅದರ ಡಿಶ್ಶೂ 2 ಮೀಟರೇ, ದಡದ ಪಟ್ಟಿ ಅದಕ್ಕೂ ಸಿಗುವುದು ಕಷ್ಟ. ಹಾಗಾಗಿ ನಿಮ್ಮ ಅಣ್ಣನ ಪುಸ್ತಕ ನನಗೆ ನಿಜವಾಗಿ ಬೇಕು. ತುಂಬಿಸಿದ ನಕ್ಷೆಯ ಪಕ್ಕದಲ್ಲಿಟ್ಟು ನೋಡುತ್ತೇನೆ.

ಮಲ್ಪೆ ಹುಡುಗ · ಶನಿವಾರ ರಾತ್ರಿ 9:25

ಎಸ್‌ಪಿ ರೋಡಿನಲ್ಲಿ ಎರಡು ಪ್ರೋಬ್ ತೆಗೆದುಕೊಂಡೆ. ಕೇಬಲ್ ಅಣ್ಣ ಜೊತೆಗೆ ಬಂದು ಬ್ಯಾಟರಿ ಡಬ್ಬಿಗೆ ವೈರ್ ಬೆಸೆದು, ನೀರು ನುಗ್ಗದ ಹಾಗೆ ಸಿಲಿಕೋನ್ ಹಚ್ಚಿಕೊಟ್ಟರು. ಐಸ್ ನೀರಿನಲ್ಲಿ ಒಂದು 0.3 ತೋರಿಸಿತು, ಇನ್ನೊಂದು ಸರಿಯಾಗಿ ಸೊನ್ನೆ. ಮೇಡಂ ಲ್ಯಾಬಿನಲ್ಲಿ ಮತ್ತೆ ಹೋಲಿಸಿ, ಎಷ್ಟು ಕಳೆಯಬೇಕು ಅಂತ ಚೀಟಿ ಅಂಟಿಸಿದ್ದಾರೆ. ನಾಳೆ ರಾತ್ರಿಯ ಬಸ್ಸಿನಲ್ಲಿ ನಮ್ಮೂರಿನ ಒಬ್ಬರು ಹೋಗುತ್ತಿದ್ದಾರೆ, ಅವರ ಕೈಯಲ್ಲಿ ಕೊಡುತ್ತೇನೆ.

ಮೀನಿನ ಲೆಕ್ಕ ಬರೆಯುವ ಪುಸ್ತಕದಲ್ಲೇ ಒಂದು ಅಂಕಣ ಎಳೆದಿದ್ದಾನಂತೆ ಅಣ್ಣ. ಬಲೆ ಬಿಡುವ ಮೊದಲು ಒಂದು ಬಕೆಟ್, ಎಳೆದ ಮೇಲೆ ಒಂದು ಬಕೆಟ್.